ಸಮುದ್ರದ ನೀರಿನಲ್ಲಿ ಸೂಕ್ಷ್ಮಪಾಚಿ ಬೇಸಾಯ: ಮೈಸೂರು, ಮಂಡ್ಯದವರು ಪದೇ ಪದೇ ಕೇಳುವ ಪ್ರಶ್ನೆಗಳು

ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಹೋಗುವ ದಾರಿಯ ಪಕ್ಕದ ಹೊಲದಲ್ಲಿ ನಾನು ಹನ್ನೊಂದು ವರ್ಷಗಳಿಂದ ಸ್ಪಿರುಲಿನಾ ಎಂಬ ತಿನ್ನುವ ಸೂಕ್ಷ್ಮಪಾಚಿ ಬೆಳೆಯುತ್ತಿದ್ದೇನೆ. ಅದಕ್ಕೂ ಮೊದಲು ಕರಾವಳಿಯ ಸಿಗಡಿ ಮರಿ ಕೇಂದ್ರವೊಂದರಲ್ಲಿ ನಾಲ್ಕು ವರ್ಷ ಪಾಚಿ ಕೋಣೆಯನ್ನು ನೋಡಿಕೊಂಡಿದ್ದೆ. ಹಾಗಾಗಿ ಸಿಹಿನೀರಿನ ಕಷ್ಟವೂ ಗೊತ್ತು, ಉಪ್ಪುನೀರಿನ ಕಷ್ಟವೂ ಗೊತ್ತು. ತೊಟ್ಟಿ ನೋಡಲು ಬರುವ ರೈತರು, ವಿದ್ಯಾರ್ಥಿಗಳು, ಕೆಲಸ ಬಿಟ್ಟು ಊರಿಗೆ ಮರಳಿದ ಎಂಜಿನಿಯರುಗಳು ಹೆಚ್ಚುಕಡಿಮೆ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳುತ್ತಾರೆ. ಅವಕ್ಕೆ ನಾನು ಕೊಡುವ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ.

ಸೂಕ್ಷ್ಮಪಾಚಿ ಎಂದರೆ ನಮ್ಮ ಕೆರೆಯ ಮೇಲೆ ಕಟ್ಟುವ ಹಸಿರು ಪಾಚಿಯೇ?

ಅದೇ ಕುಲದ ಬಂಧುಗಳು. ಬಾವಿಯ ಮೆಟ್ಟಿಲ ಮೇಲೆ ಜಾರುವ ಪಾಚಿಯನ್ನು ಕೈಯಿಂದ ಕೀಳಬಹುದು. ಸೂಕ್ಷ್ಮಪಾಚಿಯ ಒಂದೊಂದು ಜೀವಿಯನ್ನು ನೋಡಲು ಸೂಕ್ಷ್ಮದರ್ಶಕ ಬೇಕು. ನ್ಯಾನೊಕ್ಲೊರಾಪ್ಸಿಸ್ ಎಂಬ ಕಡಲ ಪಾಚಿಯ ಕೋಶದ ಅಳತೆ 2ರಿಂದ 4 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ಸಾವಿರಾರು ಕೋಟಿ ಕೋಶಗಳು ಒಟ್ಟಾದಾಗ ನೀರು ಹಸಿರಾಗಿ ಕಾಣುತ್ತದೆ, ಅಷ್ಟೆ. ಕಡಲಕಳೆ ಬೇರೆ, ಅದು ಬಂಡೆಗೆ ಅಂಟಿಕೊಂಡು ಎಲೆಯಂತೆ ಬೆಳೆಯುತ್ತದೆ. ಸ್ಪಿರುಲಿನಾ ಕೂಡ ಶಾಸ್ತ್ರದ ಪ್ರಕಾರ ಪಾಚಿಯಲ್ಲ, ಬೆಳಕಿನಿಂದ ಆಹಾರ ತಯಾರಿಸುವ ಬ್ಯಾಕ್ಟೀರಿಯಾ. ರೂಢಿಯಲ್ಲಿ ಎಲ್ಲರೂ ಅದನ್ನು ಪಾಚಿ ಎಂದೇ ಕರೆಯುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ.

ಭೂಮಿಯ ಮೇಲೆ ನಡೆಯುವ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧದಷ್ಟನ್ನು ಕಡಲಿನ ಈ ಕಣ್ಣಿಗೆ ಕಾಣದ ಜೀವಿಗಳೇ ಮಾಡುತ್ತವೆ. ಈ ಮಾತನ್ನು ಮೊದಲು ಕೇಳಿದ ದಿನ ನನಗೆ ನಿದ್ದೆ ಬರಲಿಲ್ಲ.

ಬೆಳೆಸಲು ಸಮುದ್ರದ ನೀರೇ ಏಕೆ?

ಸಿಹಿನೀರು ಉಳಿಯಲಿ ಎಂಬುದೇ ಮುಖ್ಯ ಕಾರಣ. ಕಾವೇರಿಯ ಒಂದೊಂದು ಟಿಎಂಸಿಗೂ ಜಗಳವಾಗುವ ನಾಡಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಷಿಯಂ, ಸಲ್ಫೇಟು ಎಲ್ಲವೂ ಅದರಲ್ಲೇ ಇವೆ. ಕಡಿಮೆ ಇರುವುದು ಸಾರಜನಕ, ರಂಜಕ ಮತ್ತು ಕಬ್ಬಿಣ. ಅವನ್ನು ನಾವು ಹಾಕಬೇಕು. ಡಯಾಟಂ ಜಾತಿಯಾದರೆ ಸಿಲಿಕೇಟನ್ನೂ ಹಾಕಬೇಕು, ಏಕೆಂದರೆ ಅದರ ಕವಚವೇ ಗಾಜಿನಂಥದ್ದು.

ದೊಡ್ಡ ಪ್ರಮಾಣದಲ್ಲಿ ಹೇಗೆ ಬೆಳೆಯುತ್ತಾರೆ?

ಓಟದ ಮೈದಾನದ ಆಕಾರದ ಉದ್ದನೆಯ ಕೊಳಗಳಲ್ಲಿ. ಅಮೆರಿಕದ ಬರ್ಕ್ಲಿಯಲ್ಲಿ ವಿಲಿಯಂ ಆಸ್ವಾಲ್ಡ್ ಮತ್ತು ಅವರ ಜೊತೆಗಾರರು 1950ರ ದಶಕದಿಂದ ರೂಪಿಸುತ್ತ ಬಂದ ಮಾದರಿ ಇದು. ನಡುವೆ ಒಂದು ಗೋಡೆ, ಒಂದು ತುದಿಯಲ್ಲಿ ನೀರನ್ನು ತಳ್ಳುವ ರೆಕ್ಕೆಚಕ್ರ. ನೀರಿನ ಆಳ 20ರಿಂದ 30 ಸೆಂಟಿಮೀಟರ್, ಓಟ ಸೆಕೆಂಡಿಗೆ 20ರಿಂದ 30 ಸೆಂಟಿಮೀಟರ್. ಆಳ ಹೆಚ್ಚು ಮಾಡಿದರೆ ಬೆಳೆಯೂ ಹೆಚ್ಚುತ್ತದೆ ಎಂದು ಎಲ್ಲರೂ ಮೊದಲಿಗೆ ತಿಳಿಯುತ್ತಾರೆ. ಹಾಗಾಗುವುದಿಲ್ಲ. ಪಾಚಿ ದಟ್ಟವಾದ ಮೇಲೆ ಬಿಸಿಲು ಕೆಲವು ಸೆಂಟಿಮೀಟರ್ ಮಾತ್ರ ಇಳಿಯುತ್ತದೆ. ಕೆಳಗಿನ ಕೋಶಗಳು ಕತ್ತಲಲ್ಲಿ ಕುಳಿತು ಕೂಡಿಟ್ಟದ್ದನ್ನು ಕರಗಿಸುತ್ತವೆ. ಸರದಿಯ ಮೇಲೆ ಎಲ್ಲಕ್ಕೂ ಬಿಸಿಲು ಸಿಗಲಿ ಎಂದೇ ಚಕ್ರ ತಿರುಗುವುದು.

ಬೀಜವನ್ನು, ಎಂದರೆ ಹೊಸ ಕೊಳ ಆರಂಭಿಸಲು ಸುರಿಯುವ ಪಾಚಿಯ ನೀರನ್ನು, ಹೆಚ್ಚಿಸುವುದು ಬೇರೆಯೇ ಒಂದು ಕಲೆ. ಪರೀಕ್ಷಾ ನಳಿಕೆಯಿಂದ ಫ್ಲಾಸ್ಕಿಗೆ, ಅಲ್ಲಿಂದ ಇಪ್ಪತ್ತು ಲೀಟರಿನ ಕ್ಯಾನಿಗೆ, ಮತ್ತೆ ತೊಟ್ಟಿಗೆ, ಕೊನೆಗೆ ಕೊಳಕ್ಕೆ. ಪ್ರತಿ ಸಲವೂ ಸುಮಾರು ಹತ್ತು ಪಟ್ಟು ನೀರಿಗೆ ಒಂದು ಪಾಲು ಬೀಜ. ಅವಸರ ಮಾಡಿ ಐವತ್ತು ಪಟ್ಟು ನೀರಿಗೆ ಸುರಿದರೆ ಬಿಸಿಲಿಗೆ ಬೀಜ ಬೆಳ್ಳಗಾಗಿ ಸಾಯುತ್ತದೆ, ಇಲ್ಲವೇ ಗಾಳಿಯಲ್ಲಿ ಬಂದ ಬೇರೆ ಪಾಚಿ ಮೊದಲು ಜಾಗ ಹಿಡಿಯುತ್ತದೆ.

ಒಂದು ಎಕರೆಗೆ ಎಷ್ಟು ಸಿಗುತ್ತದೆ?

ವರ್ಷವಿಡೀ ಸರಾಸರಿ ಚದರ ಮೀಟರಿಗೆ ದಿನಕ್ಕೆ 10 ಗ್ರಾಂ ಒಣ ಪಾಚಿ ತೆಗೆದರೆ ಅದು ಒಳ್ಳೆಯ ನಿರ್ವಹಣೆ. ಒಳ್ಳೆಯ ವಾರಗಳಲ್ಲಿ 20 ಗ್ರಾಂ ದಾಟುವುದೂ ಉಂಟು, ಆದರೆ ಯೋಜನೆಯ ಕಾಗದದಲ್ಲಿ ಆ ಅಂಕಿಯನ್ನು ಬರೆದುಕೊಂಡು ಸಾಲ ಮಾಡಬೇಡಿ. 10 ಗ್ರಾಂ ಲೆಕ್ಕದಲ್ಲಿ ಎಕರೆಗೆ ದಿನಕ್ಕೆ 40 ಕಿಲೋ. ಅಷ್ಟು ಬೆಳೆಯಲು ಪಾಚಿ ಸುಮಾರು 72 ಕಿಲೋ ಇಂಗಾಲದ ಡೈಆಕ್ಸೈಡನ್ನು ಹೀರಬೇಕು, ಏಕೆಂದರೆ ಒಂದು ಕಿಲೋ ಪಾಚಿಗೆ ಸುಮಾರು 1.8 ಕಿಲೋ ಬೇಕು. ಗಾಳಿಯಿಂದ ತಾನಾಗಿ ಅಷ್ಟು ಕರಗುವುದಿಲ್ಲ, ಸಿಲಿಂಡರಿನಿಂದಲೋ ಕಾರ್ಖಾನೆಯ ಕೊಳವೆಯಿಂದಲೋ ಗುಳ್ಳೆಯಾಗಿ ಬಿಡಬೇಕು. ಸಾರಜನಕಕ್ಕೆ ಯೂರಿಯಾ ಬಳಸಿದರೆ ದಿನಕ್ಕೆ ಆರೇಳು ಕಿಲೋ.

ಸಮುದ್ರದ ನೀರನ್ನು ಟ್ಯಾಂಕರಿನಲ್ಲಿ ಮಂಡ್ಯಕ್ಕೆ ತಂದು ಬೆಳೆಯಬಹುದೇ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ನನ್ನ ಉತ್ತರ: ಬೇಡ. ಏಕೆ ಎಂಬುದನ್ನು ಸಾವಕಾಶವಾಗಿ ಲೆಕ್ಕ ಹಾಕಿ ನೋಡೋಣ.

ಒಂದು ಎಕರೆ ಕೊಳಕ್ಕೆ 25 ಸೆಂಟಿಮೀಟರ್ ನೀರು ನಿಲ್ಲಿಸಲು ಹತ್ತು ಲಕ್ಷ ಲೀಟರ್ ಬೇಕು. ಹನ್ನೆರಡು ಸಾವಿರ ಲೀಟರಿನ ಟ್ಯಾಂಕರಾದರೆ 84 ಸಲ ಮಂಗಳೂರಿಗೆ ಹೋಗಿ ಬರಬೇಕು, ಒಂದು ದಿಕ್ಕಿಗೆ ಸುಮಾರು 250 ಕಿಲೋಮೀಟರ್. ಕೊಳವೆ ಹಾಕೋಣ ಎನ್ನುವವರಿಗೆ: ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಪಂಪಿನಲ್ಲೂ ಕೊಳವೆಯಲ್ಲೂ ಏನೂ ನಷ್ಟವಾಗದಿದ್ದರೂ ಸಾವಿರ ಲೀಟರನ್ನು ಅಷ್ಟು ಮೇಲೆತ್ತಲು ಎರಡು ಯೂನಿಟ್ ವಿದ್ಯುತ್ ಬೇಕೇ ಬೇಕು.

ಇದು ಹಣದ ಮಾತಾಯಿತು. ಹಣ ಇದ್ದವರು ಮಾಡಿಯಾರು. ನನ್ನನ್ನು ಕಾಡುವುದು ಮುಂದಿನ ಲೆಕ್ಕ. ಆ ಹತ್ತು ಲಕ್ಷ ಲೀಟರಿನಲ್ಲಿ 35 ಟನ್ ಉಪ್ಪಿದೆ. ನಮ್ಮ ಕಡೆ ತೆರೆದ ನೀರಿನಿಂದ ದಿನಕ್ಕೆ ಸರಾಸರಿ 5 ಮಿಲಿಮೀಟರ್ ಆವಿಯಾಗುತ್ತದೆ ಎಂದು ಇಟ್ಟುಕೊಳ್ಳಿ, ಬೇಸಗೆಯಲ್ಲಿ ಇನ್ನೂ ಹೆಚ್ಚು. ಎಕರೆಗೆ ದಿನಕ್ಕೆ 20,000 ಲೀಟರ್. ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಕಡಿಮೆಯಾದದ್ದನ್ನು ಮತ್ತೆ ಸಮುದ್ರದ ನೀರಿನಿಂದ ತುಂಬಿದರೆ ದಿನಕ್ಕೆ 700 ಕಿಲೋ ಉಪ್ಪು ಸೇರುತ್ತದೆ. ಐವತ್ತು ದಿನಕ್ಕೆ ಕೊಳದ ಉಪ್ಪು ಎರಡು ಪಟ್ಟು. ಉಪ್ಪು ಏರಬಾರದು ಎಂದರೆ ದಿನವೂ 20,000 ಲೀಟರ್ ಸಿಹಿನೀರು ಸುರಿಯಬೇಕು. ಭತ್ತದ ಗದ್ದೆಯಿಂದ ಆವಿಯಾಗುವುದೂ ಸುಮಾರು ಇಷ್ಟೇ. ಸಿಹಿನೀರು ಉಳಿಸಲು ಹೊರಟವರು ನಾಲೆಯ ನೀರಿಗೇ ಕೈಚಾಚಿದಂತಾಯಿತು.

ಕಡಲ ತೀರದಲ್ಲಿ ಈ ತೊಡಕಿಗೆ ದಾರಿಯಿದೆ. ಉಪ್ಪೇರಿದ ನೀರಿನ ಒಂದು ಪಾಲನ್ನು ನಿಯಮದಂತೆ ಹೊರಬಿಟ್ಟು ಹೊಸ ನೀರು ತುಂಬುತ್ತಾರೆ. ಮಂಡ್ಯದಲ್ಲಿ ಅದನ್ನು ಎಲ್ಲಿ ಬಿಡುತ್ತೀರಿ? ಹಳ್ಳಕ್ಕೆ ಬಿಟ್ಟರೆ ಶಿಂಷಾ, ಲೋಕಪಾವನಿಯ ಮೂಲಕ ಕಾವೇರಿಗೇ ಬರುತ್ತದೆ. ಹೊಲಕ್ಕೆ ಬಿಟ್ಟರೆ ಆ ಹೊಲ ಮುಗಿಯಿತು.

ಅಡುಗೆ ಉಪ್ಪನ್ನೇ ಬೋರ್‌ವೆಲ್ ನೀರಿಗೆ ಹಾಕಿದರೆ ಸಮುದ್ರದ ನೀರಾಗುವುದಿಲ್ಲವೇ?

ಆಗುವುದಿಲ್ಲ. ಬರೀ ಉಪ್ಪಿನಲ್ಲಿ ಮೆಗ್ನೀಷಿಯಂ, ಸಲ್ಫೇಟು, ಪೊಟ್ಯಾಷಿಯಂ ಇರುವುದಿಲ್ಲ. ಕಾಲೇಜಿನ ಪ್ರಯೋಗಕ್ಕೆ ಬೇಕಾದವರು ಹೀಗೆ ಮಾಡಿಕೊಳ್ಳಬಹುದು: ಒಂದು ಲೀಟರ್ ಶುದ್ಧ ನೀರಿಗೆ ಸೋಡಿಯಂ ಕ್ಲೋರೈಡ್ 24 ಗ್ರಾಂ, ಹರಳು ರೂಪದ ಮೆಗ್ನೀಷಿಯಂ ಕ್ಲೋರೈಡ್ 11 ಗ್ರಾಂ, ಸೋಡಿಯಂ ಸಲ್ಫೇಟ್ 4 ಗ್ರಾಂ, ಹರಳು ರೂಪದ ಕ್ಯಾಲ್ಸಿಯಂ ಕ್ಲೋರೈಡ್ ಒಂದೂವರೆ ಗ್ರಾಂ, ಪೊಟ್ಯಾಷಿಯಂ ಕ್ಲೋರೈಡ್ 0.7 ಗ್ರಾಂ, ಅಡುಗೆ ಸೋಡಾ 0.2 ಗ್ರಾಂ. ಕ್ಯಾಲ್ಸಿಯಂ ಕ್ಲೋರೈಡನ್ನು ಬೇರೆ ಲೋಟದಲ್ಲಿ ಕರಗಿಸಿ ಕೊನೆಗೆ ಸೇರಿಸಿ. ಅದರ ಮೇಲೆ ಲೀಟರಿಗೆ 75 ಮಿಲಿಗ್ರಾಂ ಸೋಡಿಯಂ ನೈಟ್ರೇಟ್, 5 ಮಿಲಿಗ್ರಾಂ ಸೋಡಿಯಂ ಫಾಸ್ಫೇಟ್, ಲೇಶ ಲೋಹಗಳು, ಬಿ12 ಸೇರಿದಂತೆ ಮೂರು ವಿಟಮಿನ್‌ಗಳು. ಇದೇ ಎಫ್ ಬೈ 2 ಎಂಬ ಹೆಸರಾಂತ ಪೋಷಕ ದ್ರಾವಣ. ಕಿಟಕಿಯ ಬಳಿ, ನೇರ ಬಿಸಿಲು ಬೀಳದ ಕಡೆ ಇಟ್ಟು, ಅಕ್ವೇರಿಯಂ ಪಂಪಿನಿಂದ ಗಾಳಿ ಬಿಡಿ. ಟೆಟ್ರಾಸೆಲ್ಮಿಸ್ ಎಂಬ ಕಡಲ ಪಾಚಿ ಗಟ್ಟಿ ಜೀವ, ಕಲಿಯುವವರ ಕೈಯಲ್ಲೂ ಉಳಿಯುತ್ತದೆ. ಮಕ್ಕಳು ಇದನ್ನು ಒಮ್ಮೆಯಾದರೂ ಬೆಳೆಸಲಿ ಎಂಬುದು ನನ್ನ ಆಸೆ. ಕಡಲನ್ನೇ ಕಾಣದ ಮಗು ಸೂಕ್ಷ್ಮದರ್ಶಕದಲ್ಲಿ ನಾಲ್ಕು ಬಾಲ ಬೀಸುತ್ತ ಈಜುವ ಹಸಿರು ಕೋಶವನ್ನು ನೋಡುವಾಗ ಅದರ ಮುಖ ನೋಡಬೇಕು.

ನನ್ನದು ಎರಡು ಎಕರೆ ಚೌಳು ಭೂಮಿ, ಹೇಗೂ ಭತ್ತ ಬರುವುದಿಲ್ಲ. ಅಲ್ಲಿ ಉಪ್ಪುನೀರಿನ ಪಾಚಿ ಬೆಳೆದರೆ ತಪ್ಪೇನು?

ಮದ್ದೂರು, ಮಳವಳ್ಳಿ ಕಡೆಯ ರೈತರು ಇದನ್ನು ಕೇಳುವಾಗ ಅವರ ಸಂಕಟ ನನಗೆ ಅರ್ಥವಾಗುತ್ತದೆ. 1930ರ ದಶಕದಲ್ಲಿ ನಾಲೆಯ ನೀರು ಬಂದಿತು, ನಾಡು ಹಸಿರಾಯಿತು. ನೀರು ಹೆಚ್ಚಾಗಿ ಬಸಿಯುವ ದಾರಿ ಇಲ್ಲದ ತಗ್ಗುಗಳಲ್ಲಿ ಅಂತರ್ಜಲ ಮೇಲೇರಿತು, ಬೇಸಗೆಯಲ್ಲಿ ಲವಣ ಬಿಳಿಯಾಗಿ ಮೇಲೆದ್ದಿತು. ಆದರೆ ಚೌಳು ನೆಲದ ನೀರಿನ ಉಪ್ಪು ಸಮುದ್ರದ ಉಪ್ಪಿಗೆ ಹೋಲಿಸಿದರೆ ಬಹಳ ಕಡಿಮೆ, ಲವಣಗಳ ಪ್ರಮಾಣವೂ ಬೇರೆ. ಕಡಲ ಪಾಚಿಗೆ ಅದು ಸಾಲದು, ಬೆಳೆಗೆ ಅದು ಅತಿ. ಬಸಿಗಾಲುವೆ, ಜಿಪ್ಸಂ, ಹಸಿರೆಲೆ ಗೊಬ್ಬರದಿಂದ ಆ ನೆಲ ಮರಳಿ ಬರಬಲ್ಲದು. ಮಂಡ್ಯದ ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮಣ್ಣು ತೋರಿಸಿ ಸಲಹೆ ಪಡೆಯಿರಿ. ಮರಳಿ ಬರಬಲ್ಲ ನೆಲಕ್ಕೆ 35 ಟನ್ ಉಪ್ಪನ್ನು ಹೊತ್ತು ತರಬೇಡಿ. ಹಾಸಿದ ಟಾರ್ಪಾಲಿನ್ ಒಂದು ಕಡೆ ಹರಿದರೂ ಸಾಕು, ಪಕ್ಕದವರ ಬಾವಿಗೂ ಅದು ಇಳಿಯುತ್ತದೆ.

ಇದನ್ನು ನಾನು ಕೈಸುಟ್ಟುಕೊಂಡು ಕಲಿತಿದ್ದೇನೆ. ಸ್ಪಿರುಲಿನಾ ತೊಟ್ಟಿಯ ನೀರು ಸಮುದ್ರದ್ದಲ್ಲ, ಆದರೆ ಅದರಲ್ಲಿ ಲೀಟರಿಗೆ ಹತ್ತು ಗ್ರಾಂ ಮೇಲ್ಪಟ್ಟು ಸೋಡಾ ಇರುತ್ತದೆ. ಎರಡನೆಯ ವರ್ಷ ಹಳೆಯ ನೀರನ್ನು ಗೊಬ್ಬರದ ನೀರು ಎಂದುಕೊಂಡು ತೆಂಗಿನ ಸಾಲಿಗೆ ಬಿಟ್ಟೆ. ಮೂರು ತಿಂಗಳಲ್ಲಿ ಆ ಮಣ್ಣು ಮಳೆ ಬಂದರೆ ಅಂಟು, ಬಿಸಿಲು ಬಂದರೆ ಕಲ್ಲು. ಸೋಡಿಯಂ ಮಣ್ಣಿನ ಕಣಗಳ ಹಿಡಿತವನ್ನು ಸಡಿಲಿಸಿ ನೀರಿಳಿಯದಂತೆ ಮಾಡಿತ್ತು. ಹನ್ನೊಂದು ಸಸಿಗಳಲ್ಲಿ ಏಳು ಹೋದವು. ಅಪ್ಪ ನೆಟ್ಟ ಸಸಿಗಳು ಅವು. ಆ ಸಾಲಿಗೆ ನಾನು ಈಗಲೂ ಪ್ರತಿ ವರ್ಷ ಜಿಪ್ಸಂ ಹಾಕುತ್ತಿದ್ದೇನೆ.

ತೆರೆದ ಕೊಳದಲ್ಲಿ ಯಾವ ಜಾತಿ ಉಳಿಯುತ್ತದೆ?

ಬೇರೆಯವರು ಬದುಕಲಾರದ ಕಡೆ ಬದುಕುವವು. ಡ್ಯುನಾಲಿಯೆಲ್ಲಾ ಸಲೀನಾ ಸಮುದ್ರಕ್ಕಿಂತ ಹಲವು ಪಟ್ಟು ಉಪ್ಪಿನಲ್ಲೂ ಬೆಳೆಯುತ್ತದೆ. ಉಪ್ಪು, ಬಿಸಿಲು ಹೆಚ್ಚಾದಾಗ ಕೆಂಪಗಾಗಿ ಒಣ ತೂಕದ ಹತ್ತರಲ್ಲೊಂದು ಪಾಲಿನವರೆಗೆ ಬೀಟಾ ಕ್ಯಾರೊಟಿನ್ ಕೂಡಿಸುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಹಟ್ ಲಗೂನ್‌ನಲ್ಲಿ ಅದರ ವಿಶಾಲ ಕೊಳಗಳಿವೆ. ಸ್ಪಿರುಲಿನಾ ಕ್ಷಾರದ ಬಲದಿಂದ ಉಳಿಯುತ್ತದೆ. ಕ್ಲೋರೆಲ್ಲಾ ಬೇಗ ಬೆಳೆಯುವುದರಿಂದ ಉಳಿಯುತ್ತದೆ. ಸಾಮಾನ್ಯ ಸಮುದ್ರದ ನೀರಿನಲ್ಲಿ ಬೆಳೆಯುವ ಜಾತಿಗೆ ಇಂಥ ಯಾವ ಕೋಟೆಯೂ ಇಲ್ಲ. ರೊಟಿಫರ್, ಸಿಲಿಯೇಟ್ ಎಂಬ ಮೇಯುವ ಜೀವಿಗಳು ಒಳಹೊಕ್ಕರೆ ಎರಡು ಮೂರು ದಿನದಲ್ಲಿ ಕೊಳ ಖಾಲಿ.

ಸಿಗಡಿ ಮರಿ ಕೇಂದ್ರದಲ್ಲಿ ನಾವು ಕೀಟೊಸಿರೋಸ್ ಎಂಬ ಡಯಾಟಂ ಬೆಳೆಯುತ್ತಿದ್ದೆವು. ಸಂಜೆ ಜೇನಿನ ಬಣ್ಣದಲ್ಲಿದ್ದ ಐದು ಟನ್ನಿನ ತೊಟ್ಟಿ ಬೆಳಗಿನ ಜಾವ ನಾಲ್ಕಕ್ಕೆ ತಿಳಿನೀರಾಗಿರುತ್ತಿತ್ತು, ಬುಡದಲ್ಲಿ ಕಂದು ಗಸಿ. ಮರಿಗಳಿಗೆ ಆ ದಿನದ ಊಟವಿಲ್ಲ. ಅದಕ್ಕೇ ಅಲ್ಲಿ ಯಾರೂ ಒಂದೇ ತೊಟ್ಟಿಯನ್ನು ನಂಬುವುದಿಲ್ಲ, ನಾಲ್ಕಾರು ದಿನಕ್ಕೊಮ್ಮೆ ಹೊಸ ಬೀಜದಿಂದ ಮತ್ತೆ ಆರಂಭಿಸುತ್ತಾರೆ.

ಕೊಯ್ಲು ಹೇಗೆ?

ಹಣ ಖರ್ಚಾಗುವುದು ಇಲ್ಲೇ. ಕೊಳದ ಒಂದು ಲೀಟರಿನಲ್ಲಿ ಇರುವುದು ಅರ್ಧ ಗ್ರಾಂ ಪಾಚಿ. ದಿನಕ್ಕೆ 40 ಕಿಲೋ ಬೇಕಾದರೆ 80,000 ಲೀಟರ್ ನೀರನ್ನು ಸೋಸಬೇಕು. ಸ್ಪಿರುಲಿನಾ ಸುರುಳಿ ಎಳೆ, ಬಟ್ಟೆಯಲ್ಲಿ ನಿಲ್ಲುತ್ತದೆ. ನನ್ನ ಹೊಲದಲ್ಲಿ ಇಬ್ಬರು ಹೆಂಗಸರು ಬೆಳಗಿನ ಹೊತ್ತಿನಲ್ಲೇ ಆ ಕೆಲಸ ಮುಗಿಸುತ್ತಾರೆ. ನ್ಯಾನೊಕ್ಲೊರಾಪ್ಸಿಸ್ ಬಟ್ಟೆಯಲ್ಲಿ ಸಲೀಸಾಗಿ ನುಸುಳಿಹೋಗುತ್ತದೆ, ಅದಕ್ಕೆ ಹಾಲಿನಿಂದ ಕೆನೆ ತೆಗೆಯುವಂಥ ಸೆಂಟ್ರಿಫ್ಯೂಜ್ ಯಂತ್ರ ಬೇಕು. ಸೋಸಿದ ಮೇಲೂ ಮುದ್ದೆಯಲ್ಲಿ ಹೆಚ್ಚಿನದು ನೀರೇ. ಕಡಲ ಪಾಚಿಯಾದರೆ ಆ ನೀರಿನ ಉಪ್ಪನ್ನು ತೊಳೆಯಬೇಕು, ಇಲ್ಲದಿದ್ದರೆ ಒಣಗಿದ ಪುಡಿಯ ತೂಕದಲ್ಲಿ ಗಣನೀಯ ಪಾಲು ಉಪ್ಪೇ ಆಗಿರುತ್ತದೆ. ತೊಳೆಯಲು ಮತ್ತೆ ಸಿಹಿನೀರು.

ಪಾಚಿಯಿಂದ ಡೀಸೆಲ್ ತೆಗೆಯಬಹುದಂತೆ?

ತೆಗೆಯಬಹುದು. ಗುಜರಾತಿನ ಭಾವನಗರದಲ್ಲಿರುವ ಕೇಂದ್ರೀಯ ಲವಣ ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆ 2012ರಲ್ಲಿ ಕಡಲ ಪಾಚಿಯ ಬಯೋಡೀಸೆಲ್ ಬೆರೆಸಿದ ಇಂಧನದಿಂದ ಕಾರು ಓಡಿಸಿ ತೋರಿಸಿತು. ಓಡುತ್ತದೆಯೇ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು, ಲೆಕ್ಕ ಹೊಂದುತ್ತದೆಯೇ ಎಂಬುದು ಮುಗಿದಿಲ್ಲ. ಪಾಚಿಯ ಕಾಲುಭಾಗ ಎಣ್ಣೆ ಎಂದು ಹಿಡಿದರೂ ನಮ್ಮ ಒಂದು ಎಕರೆಯಿಂದ ದಿನಕ್ಕೆ ಸಿಗುವುದು ಹತ್ತು ಕಿಲೋ. ಚಕ್ರ, ಪಂಪು, ಸೆಂಟ್ರಿಫ್ಯೂಜ್, ಒಣಗಿಸುವ ಯಂತ್ರ ಎಲ್ಲವೂ ಅದರ ಮೇಲೆ ನಡೆಯಬೇಕು. ಅಮೆರಿಕ ಸರ್ಕಾರ 1978ರಿಂದ 1996ರವರೆಗೆ ಈ ಸಂಶೋಧನೆ ನಡೆಸಿತು. ನ್ಯೂ ಮೆಕ್ಸಿಕೊದ ಒಳನಾಡಿನಲ್ಲಿ ಸಾವಿರ ಚದರ ಮೀಟರಿನ ಕೊಳಗಳನ್ನೂ ಕಟ್ಟಿತ್ತು, ಅಲ್ಲಿ ರಾತ್ರಿಯ ಚಳಿಯೇ ಇಳುವರಿ ತಿಂದುಹಾಕಿತು. 2009ರಲ್ಲಿ ಎಕ್ಸಾನ್‌ಮೊಬಿಲ್ 60 ಕೋಟಿ ಡಾಲರ್‌ವರೆಗೆ ಹೂಡುವುದಾಗಿ ಹೇಳಿತು, 2023ರಲ್ಲಿ ಕೈಬಿಟ್ಟಿತು.

ಮಂಡ್ಯದ ಡಿಸ್ಟಿಲರಿಗಳ ಅನಿಲವನ್ನು ಪಾಚಿಗೆ ಕೊಟ್ಟರೆ?

ಮನಸ್ಸಿಗೆ ಹಿಡಿಸುವ ವಿಚಾರ. ಕಬ್ಬಿನ ಕಾಕಂಬಿ ಹುಳಿಯುವಾಗ ಒಂದು ಕಿಲೋ ಮದ್ಯಸಾರದ ಜೊತೆ ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಕಲ್ಲಿದ್ದಲ ಹೊಗೆಯಂತಲ್ಲ, ಬಹಳ ಶುದ್ಧ. ಆದರೆ ಅಳತೆ ನೋಡಿ. ದಿನಕ್ಕೆ 30,000 ಲೀಟರ್ ಮದ್ಯಸಾರ ತೆಗೆಯುವ ಘಟಕ ಸುಮಾರು 22 ಟನ್ ಅನಿಲ ಬಿಡುತ್ತದೆ. ಅಷ್ಟನ್ನೂ ಹೀರಲು 300 ಎಕರೆಗೂ ಹೆಚ್ಚು ಕೊಳ ಬೇಕು. ಒಂದು ಸಣ್ಣ ಪಾಲನ್ನು ಬಳಸುವ ಸಿಹಿನೀರಿನ ಘಟಕ ಸಾಧ್ಯ, ನಾನು ಅದನ್ನು ಸ್ವಾಗತಿಸುತ್ತೇನೆ. ಹೀರಿದ ಇಂಗಾಲ ಪಾಚಿಯನ್ನು ತಿಂದ ಕೋಳಿ, ಮೀನು, ಮನುಷ್ಯರ ಉಸಿರಿನಲ್ಲಿ ಹೆಚ್ಚಾಗಿ ಮತ್ತೆ ಗಾಳಿಗೇ ಬರುತ್ತದೆ ಎಂಬುದು ನೆನಪಿರಲಿ.

ಕೊಳದ ಗೋಜು ಬಿಟ್ಟು ಸಮುದ್ರಕ್ಕೇ ಗೊಬ್ಬರ ಸುರಿದರೆ?

ಮಾಡಿ ನೋಡಿದ್ದಾರೆ. 2009ರಲ್ಲಿ ಭಾರತ ಮತ್ತು ಜರ್ಮನಿಯ ವಿಜ್ಞಾನಿಗಳು ಲೋಹಾಫೆಕ್ಸ್ ಎಂಬ ಪ್ರಯೋಗದಲ್ಲಿ ದಕ್ಷಿಣ ಸಾಗರದ ಸುಮಾರು 300 ಚದರ ಕಿಲೋಮೀಟರಿಗೆ ಕಬ್ಬಿಣದ ದ್ರಾವಣ ಸುರಿದರು. ಪಾಚಿ ಬೆಳೆಯಿತು, ಆದರೆ ಆ ನೀರಿನಲ್ಲಿ ಸಿಲಿಕೇಟ್ ಇಲ್ಲದ ಕಾರಣ ಭಾರವಾದ ಡಯಾಟಂಗಳು ಬರಲಿಲ್ಲ. ಬೆಳೆದ ಸಣ್ಣ ಪಾಚಿಯನ್ನು ಪ್ರಾಣಿಪ್ಲವಕಗಳು, ಎಂದರೆ ನೀರಿನಲ್ಲಿ ತೇಲುವ ಸಣ್ಣ ಪ್ರಾಣಿಗಳು, ಮೇಯ್ದವು, ತಳಕ್ಕೆ ಇಳಿದ ಇಂಗಾಲ ತೀರ ಕಡಿಮೆ. ನೂರಾರು ಮೈಲಿ ಹಬ್ಬಿದ ಜೀವಜಾಲವನ್ನು ಕಲಕುವ ಈ ದಾರಿ ನನಗೆ ಒಪ್ಪಿಗೆಯಿಲ್ಲ.

ಸ್ಪಿರುಲಿನಾವನ್ನೇ ಸಮುದ್ರದ ನೀರಿನಲ್ಲಿ ಬೆಳೆಯಲಾಗದೇ?

ಆಗುತ್ತದೆ, ಆದರೆ ನೇರವಾಗಿ ಅಲ್ಲ. ಅದಕ್ಕೆ ಬೇಕಾದ ಕ್ಷಾರಕ್ಕೆ ಸೋಡಾ ಹಾಕಿದೊಡನೆ ಸಮುದ್ರದ ಕ್ಯಾಲ್ಸಿಯಂ, ಮೆಗ್ನೀಷಿಯಂ ಬಿಳಿಯಾಗಿ ಕೆಳಗಿಳಿದು ರಂಜಕವನ್ನೂ ಎಳೆದುಕೊಂಡು ಹೋಗುತ್ತವೆ. ಮೊದಲು ಅವನ್ನು ತೆಗೆಯಬೇಕು. ಸ್ಪಿರುಲಿನಾ ಬಗ್ಗೆ ಇನ್ನೊಂದು ಮಾತು, ಮಾರುವವನಾಗಿಯೂ ಹೇಳಲೇಬೇಕು: ಸಸ್ಯಾಹಾರಿಗಳಿಗೆ ಇದರಿಂದ ಬಿ12 ಸಿಗುತ್ತದೆ ಎಂಬುದು ಸರಿಯಲ್ಲ. ಇದರಲ್ಲಿರುವುದರಲ್ಲಿ ಹೆಚ್ಚಿನದು ನಮ್ಮ ದೇಹಕ್ಕೆ ಒದಗದ ರೂಪ. ಪ್ರೋಟೀನ್ ಮಾತ್ರ ನಿಜ, ಒಣ ತೂಕದ ಅರ್ಧಕ್ಕೂ ಹೆಚ್ಚು.

ಕಡಲ ಜೀವಿಗಳಲ್ಲಿ ನಮ್ಮ ಕಡೆ ಬೆಳೆಯಬಹುದಾದದ್ದು ಒಂದೂ ಇಲ್ಲವೇ?

ಒಂದಿದೆ. ಸ್ಕಿಜೊಕೈಟ್ರಿಯಂ. ಮೀನೆಣ್ಣೆಯಲ್ಲಿರುವ ಡಿಎಚ್‌ಎ ಎಂಬ ಒಮೆಗಾ 3 ಕೊಬ್ಬನ್ನು ಮೀನಿಲ್ಲದೆ ಕೊಡುವ ಕಡಲ ಸೂಕ್ಷ್ಮಜೀವಿ. ಪಾಚಿ ಎಣ್ಣೆ ಎಂಬ ಹೆಸರಿನಲ್ಲಿ ಮಾರುವುದು ಹೆಚ್ಚಾಗಿ ಇದನ್ನೇ. ಇದಕ್ಕೆ ಬಿಸಿಲು ಬೇಡ. ಮುಚ್ಚಿದ ಸ್ಟೀಲ್ ಪಾತ್ರೆಯಲ್ಲಿ, ಕತ್ತಲಲ್ಲಿ, ಸಕ್ಕರೆ ತಿಂದು ಬೆಳೆಯುತ್ತದೆ. ಕೊಳಕ್ಕಿಂತ ನೂರು ಪಟ್ಟು ದಟ್ಟವಾಗುವುದರಿಂದ ನೀರೂ ಉಪ್ಪೂ ಬಹಳ ಕಡಿಮೆ ಸಾಕು. ಸಕ್ಕರೆ ಮಂಡ್ಯದಲ್ಲಿದೆ. ಆಹಾರ ವಿಜ್ಞಾನ ಮೈಸೂರಿನಲ್ಲಿದೆ: ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಅಥವಾ ಸಿಎಫ್‌ಟಿಆರ್‌ಐ 1970ರ ದಶಕದಲ್ಲೇ ಜರ್ಮನಿಯ ಸಹಕಾರದಿಂದ ಸೆನೆಡೆಸ್ಮಸ್ ಎಂಬ ಹಸಿರು ಪಾಚಿ, ಸ್ಪಿರುಲಿನಾ ಬೆಳೆಸಿ ಮನುಷ್ಯರ ಆಹಾರವಾಗಿ ಪರೀಕ್ಷಿಸಿತ್ತು, ಸ್ಪಿರುಲಿನಾ ಚಿಕ್ಕಿಯನ್ನೂ ರೂಪಿಸಿತು. ಬಂಡವಾಳ ಇರುವ ಯುವಕರು ಟ್ಯಾಂಕರ್ ಲೆಕ್ಕ ಬಿಟ್ಟು ಇತ್ತ ನೋಡಲಿ. ಇದು ಒಬ್ಬ ರೈತ ಮಾಡುವ ಕೆಲಸವಲ್ಲ, ಕಾರ್ಖಾನೆಯ ಕೆಲಸ.

ಹಾಗಾದರೆ ಸಮುದ್ರದ ನೀರಿನ ಕೊಳಗಳು ಎಲ್ಲಿ ಇರಬೇಕು?

ಬಿಸಿಲು ಹೆಚ್ಚು, ಮಳೆ ಕಡಿಮೆ, ಉಪ್ಪು ಮೊದಲೇ ಇರುವ ಸಮತಟ್ಟು ತೀರದಲ್ಲಿ. ಕಚ್ಛ್, ತೂತ್ತುಕುಡಿ ಕಡೆಯ ಉಪ್ಪಿನಾಗರಗಳಂಥ ಜಾಗ. ಮೊರಾಕ್ಕೊದ ಮರುಭೂಮಿಯ ಅಂಚಿನಲ್ಲಿ ಇಂಥ ಪ್ರಯತ್ನ ನಡೆದಿದೆ. ನಮ್ಮ ಕರಾವಳಿಯಲ್ಲಿ ಗೋಕರ್ಣದ ಬಳಿಯ ಸಾಣಿಕಟ್ಟಾದಲ್ಲಿ ಉಪ್ಪು ತೆಗೆಯುತ್ತಾರೆ, ಅದೂ ಬೇಸಗೆಯಲ್ಲಿ ಮಾತ್ರ. ಮಳೆಗಾಲದ ಮೂರು ಸಾವಿರ ಮಿಲಿಮೀಟರ್ ಮಳೆಗೆ ಯಾವ ತೆರೆದ ಕೊಳವೂ ನಿಲ್ಲದು.

ನಿಮ್ಮ ತೊಟ್ಟಿಗಳನ್ನು ನೋಡಲು ಬರಬಹುದೇ?

ಭಾನುವಾರ ಬೆಳಗ್ಗೆ ಏಳರಿಂದ ಹತ್ತರೊಳಗೆ ಬನ್ನಿ, ಕೊಯ್ಲು ಆಗ ನಡೆಯುತ್ತಿರುತ್ತದೆ. ಶುಲ್ಕವಿಲ್ಲ. ತಿನ್ನುವ ಪಾಚಿ ಮಾರುವ ಯೋಚನೆ ಇದ್ದವರು ಎಫ್‌ಎಸ್‌ಎಸ್‌ಎಐ ಎಂಬ ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿಯ ಬಗ್ಗೆಯೂ ಕೇಳಿ, ಕಾಗದಗಳನ್ನು ತೋರಿಸುತ್ತೇನೆ. ಬರುವಾಗ ನಿಮ್ಮ ಕೊಳವೆಬಾವಿಯ ನೀರನ್ನು ಒಂದು ಲೀಟರ್ ಬಾಟಲಿಯಲ್ಲಿ ತನ್ನಿ. ಪಂಪನ್ನು ಹತ್ತು ನಿಮಿಷ ಓಡಿಸಿದ ಮೇಲೆ ಹಿಡಿದ ನೀರಾಗಿರಲಿ. ಅದರ ಲವಣವನ್ನೂ ಕ್ಷಾರವನ್ನೂ ಮೊದಲು ಅಳೆಯೋಣ, ಪಾಚಿಯ ಮಾತು ಆಮೇಲೆ ಆಡೋಣ.